ಯಾವ ‘ಹೋತು’?

ಹಿಂಜಿದ ಹತ್ತಿಗೆ ಒಂದು ವಾಸನೆ ಇರುತ್ತದೆ. ಬಿಸಿಲಿಗೆ ಹಾಕಿ ತೆಗೆದ ಕಂಬಳಿಯ ಹಾಗೆ, ಮೂಗಿನ ತುದಿಯಲ್ಲಿ ಸಣ್ಣಗೆ ತುರಿಸುವ ವಾಸನೆ. ಮೊನ್ನೆ ದಾವಣಗೆರೆಯ ಆನೆಕೊಂಡದಲ್ಲಿರುವ ನಮ್ಮ ಅಣ್ಣನ ಗಾದಿ ಅಂಗಡಿಯ ಮೆಟ್ಟಿಲು ಹತ್ತುವಾಗ ಅದು ಬಂದು ಬಡಿಯಿತು. ಒಳಗೆ ನಾಲ್ಕೈದು ಜನ ಪೇರಿಸಿಟ್ಟ ಗಾದಿಗಳ ಮೇಲೆ ಕೂತು ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ನಮ್ಮ ಹುಡುಗಿಯೊಬ್ಬಳು ಬ್ಯಾಟು ಬೀಸಿದಳು, ಚೆಂಡು ಮೇಲೆದ್ದಿತು, ಕೂತಿದ್ದವರೆಲ್ಲ ‘ಹೋತು’ ಎಂದು ತೊಡೆ ತಟ್ಟಿಕೊಂಡರು. ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದ ಹಳೆಯ ಗಾದಿಯೊಂದು ಕಣ್ಣಿಗೆ ಬಿತ್ತು. ತಲೆ ಇಡುವ ಕಡೆ ಅದಕ್ಕೊಂದು ದೊಡ್ಡ ತೂತಿದೆ. ಅದನ್ನು ಯಾರೂ ಕೊಳ್ಳುವುದಿಲ್ಲ, ಎಸೆಯಲು ಅಣ್ಣ ಬಿಡುವುದಿಲ್ಲ. ಆ ತೂತಿನ ಗಾದಿ, ಆ ‘ಹೋತು’ ಎರಡೂ ಒಂದೇ ಹೊತ್ತಿಗೆ ಸಿಕ್ಕಿದ್ದರಿಂದ ನನಗೆ ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗಿನ ಆ ದಿನಗಳು ಮತ್ತೆ ಎದುರಿಗೆ ಬಂದು ನಿಂತವು.

ನಾನು ಹರಿಹರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಕಿಟಕಿಯ ಹಿಂದೆ ಕೂತು ಯಾವ ಬಸ್ ಬಂತು, ಯಾವುದು ಹೊರಟಿತು ಎಂದು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ಕೂಗುವುದೇನೋ ಸುಲಭ. ಕೂಗಿದ್ದನ್ನು ಕಿವಿಗೆ ಹಾಕಿಕೊಳ್ಳದೆ ಕಿಟಕಿಗೆ ಬಂದು ನಿಲ್ಲುವವರಿಗೆ ಉತ್ತರ ಕೊಡುವುದು ಕಷ್ಟ. “ಮೇಡಂ, ದಾವಣಗೆರೆ ಗಾಡಿ ಹೋತೇನ್ರಿ?” “ಹೋತು.” “ಹೋತಾ?” “ಹೋತ್ರಿ.” ಹಾಗೆಂದ ಕೂಡಲೇ ಅವರ ಮುಖ ಇಳಿಯುತ್ತದೆ. ಬಸ್ಸನ್ನು ನಾನೇ ಎಲ್ಲೋ ಬಚ್ಚಿಟ್ಟವಳಂತೆ ನನ್ನನ್ನು ನೋಡುತ್ತಾರೆ. ನಮ್ಮ ಸೀಮೆಯಲ್ಲಿ ‘ಹೋತು’ ಅಂದರೆ ಕೈತಪ್ಪಿತು ಅಂತಲೇ ಅರ್ಥ. ಕರೆಂಟ್ ಹೋತು, ಹಲ್ಲು ಹೋತು, ಮರ್ಯಾದೆ ಹೋತು. ಇಷ್ಟು ವರ್ಷ ಆ ಒಂದು ಮಾತನ್ನು ಹೇಳಿ ಹೇಳಿ ನನ್ನ ನಾಲಿಗೆಯೇ ಸಪ್ಪಗಾಗಿತ್ತು.

ನನಗೂ ಕ್ರಿಕೆಟ್ಟಿಗೂ ಸಂಬಂಧವಿರಲಿಲ್ಲ. ಆಟ ಇದ್ದದ್ದು ಅಣ್ಣ ಕೊಟ್ರೇಶನ ಮೈಯಲ್ಲಿ. ದಾವಣಗೆರೆಯಲ್ಲಿ ಇನ್ನೂ ಬಟ್ಟೆ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಅವನು ಒಂದು ಗಿರಣಿಯ ತಂಡಕ್ಕೆ ಮೊದಲ ಬ್ಯಾಟ್ಸ್‌ಮನ್ ಆಗಿ ಇಳಿಯುತ್ತಿದ್ದ. ಇಳಿದನೆಂದರೆ ಮುಗಿಯಿತು, ಅತ್ತ ರನ್ನೂ ಇಲ್ಲ ಇತ್ತ ಔಟೂ ಇಲ್ಲ. ಎದುರು ತಂಡದವರು ಬೇಸತ್ತು ಅವನಿಗೆ ‘ಕೀಲಿ ಕೊಟ್ರ’ ಎಂದು ಹೆಸರಿಟ್ಟಿದ್ದರು. ಬೀಗ ಜಡಿದ ಬಾಗಿಲಿನ ಹಾಗೆ ನಿಲ್ಲುತ್ತಾನೆ ಅಂತ. ಅಣ್ಣನಿಗೆ ಆ ಹೆಸರಿನ ಮೇಲೆ ಬಹಳ ಅಭಿಮಾನ. ಗಿರಣಿ ಮುಚ್ಚಿ, ಅಪ್ಪನ ಗಾದಿ ಅಂಗಡಿಗೆ ಬಂದು ಕೂತ ಮೇಲೂ ಗಿರಾಕಿಗಳಿಗೆ ಬಿಲ್ಲಿನ ಜೊತೆ ಆ ಕಥೆಯನ್ನೂ ಕೊಡುತ್ತಿದ್ದ.

ಸಕ್ಕರೆ ಕಾಯಿಲೆಯಿಂದ ಅವನ ಎಡಗಣ್ಣು ಮೊದಲೇ ಮಂಕಾಗಿ, ಬೆಳಕು ಕತ್ತಲು ಬಿಟ್ಟರೆ ಏನೂ ತಿಳಿಯದಂತಾಗಿತ್ತು. ಆ ವರ್ಷ ಶ್ರಾವಣದಲ್ಲಿ ಬಲಗಣ್ಣಿನಲ್ಲೂ ಕಪ್ಪು ಚುಕ್ಕೆಗಳು ಹಾರಾಡತೊಡಗಿದವು. ತೋರಿಸಿಕೋ ಅಂದರೆ “ನೋಡಾಣ” ಅನ್ನುತ್ತಿದ್ದ. ಅದು ಅವನ ಹಳೆಯ ಆಟ. ಅತ್ತಿಗೆ ಗಿರಿಜಕ್ಕ ಅತ್ತು ಕರೆದು ಆಸ್ಪತ್ರೆಗೆ ಎಳೆದೊಯ್ಯುವ ಹೊತ್ತಿಗೆ ಕಣ್ಣಿನ ಒಳಗಿನ ಪರದೆ ಕಿತ್ತು ಬಂದಿತ್ತು. ಡಾಕ್ಟರು ಆಪರೇಷನ್ ಮಾಡಿ, ಪರದೆಯನ್ನು ಒತ್ತಿ ಹಿಡಿಯಲಿ ಎಂದು ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಟ್ಟರು. ಆ ಗುಳ್ಳೆ ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಹಗಲೂ ರಾತ್ರಿ ಬೋರಲು ಮಲಗಬೇಕು, ಮುಖ ನೆಲದ ಕಡೆಗೇ ಇರಬೇಕು ಅಂದರು. ಊರಿಗೆಲ್ಲ ಗಾದಿ ಹೊಲಿದುಕೊಟ್ಟವನಿಗೆ ಮಲಗುವುದೇ ಶಿಕ್ಷೆಯಾಯಿತು.

ಅಂಗಡಿಯಲ್ಲಿ ಹತ್ತಿ ಹಿಂಜುವ ಇಮಾಮಣ್ಣ ಅಣ್ಣನ ಜೊತೆ ಸಣ್ಣಂದಿನಿಂದ ಇದ್ದವನು. ಅಣ್ಣ ದಿಂಬಿಗೆ ಮೂಗು ಒತ್ತಿ ಉಸಿರಾಡಲು ಒದ್ದಾಡುವುದನ್ನು ಅರ್ಧ ದಿನ ನೋಡಿದ. ಆಮೇಲೆ ಬೂರುಗದ ಹತ್ತಿ ತುಂಬಿ, ಮುಖ ಇಡುವಲ್ಲಿ ತೂತು ಬಿಟ್ಟು, ತೂತಿನ ಸುತ್ತ ಕೊಡ ಹೊರುವ ಸಿಂಬೆಯ ಹಾಗೆ ಮೆತ್ತಗೆ ಅಂಚು ಕಟ್ಟಿ ಒಂದು ಗಾದಿ ಹೊಲಿದು ತಂದ. ಅಂಗಡಿಯ ಹಿಂದೆಯೇ ಮನೆ. ನಡುವಿನ ಕೋಣೆಯಲ್ಲಿ ಎತ್ತರದ ಮಂಚ ಹಾಕಿ ಅದರ ಮೇಲೆ ಆ ಗಾದಿ ಹಾಸಿದೆವು. ಅಣ್ಣ ತೂತಿನಲ್ಲಿ ಮುಖ ಇಟ್ಟು ಮಲಗಿದ. ಮಾತಾಡಿದರೆ ಬಾವಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು.

ನೋಡಲು ಬಂದ ನೆಂಟರು ಬಾಗಿಲಲ್ಲೇ ನಿಂತು ಅತ್ತಿಗೆಯನ್ನು ಕೇಳುತ್ತಿದ್ದರು, “ಇನ್ನೊಂದ್ ಕಣ್ಣೂ ಹೋತಂತಲ್ಲ ಗಿರಿಜವ್ವ, ಹೌದೇನು?” ಎಂದು. ಮೂರನೆಯವರು ಹೀಗೆ ಕೇಳಿದ ದಿನ ಅತ್ತಿಗೆ ಅವರಿಗೆ ಚಹಾ ಕೊಡದೆ ಕಳಿಸಿದಳು. ಆಮೇಲೆ ನಮ್ಮೆಲ್ಲರನ್ನೂ ಕರೆದು ಹೇಳಿದಳು. “ಹೋತು ಅನ್ನೋ ಮಾತು ಇವತ್ತಿಂದ ಈ ಮನಿಯಾಗ ಬ್ಯಾಡ. ಕರೆಂಟ್ ಹೋದ್ರೂ ಲೈಟ್ ಇಲ್ಲ ಅನ್ರಿ.” ಇಡೀ ದಿನ ಅದೇ ಮಾತಾಡಿ ಬದುಕುವ ನನ್ನ ಕಡೆ ನೋಡುತ್ತಲೇ ಹೇಳಿದಳು.

ಅದೇ ಹೊತ್ತಿಗೆ ನಮ್ಮ ದೇಶದ ಹೆಣ್ಣುಮಕ್ಕಳ ತಂಡದ ಆಟ ಬದಲಾಗಿತ್ತು. ಮುಂದೆ ವಿಶ್ವಕಪ್ ಇತ್ತು, ಅದಕ್ಕೆ ಮೊದಲು ಬೇರೆ ತಂಡದ ಜೊತೆ ಸಾಲು ಪಂದ್ಯಗಳು. ಇಮಾಮಣ್ಣ ಹೇಳಿದ ಪ್ರಕಾರ ಹೊಸ ಆಟ ಅಂದರೆ ಮೊದಲ ಬಾಲಿನಿಂದಲೇ ಹೊಡೆಯುವುದು. ಒಬ್ಬಳು ಔಟಾದರೆ ಹಿಂದೆ ಬಂದವಳು ಹೆದರಿ ನಿಲ್ಲದೆ ತಾನೂ ಹೊಡೆಯುವುದು. ಅಂಗಡಿಗೆ ಬರುವವರಲ್ಲಿ ಇದೇ ಮಾತು. ಕೊಕ್ಕನೂರಿನ ಸಿದ್ದೇಶಿ ಎಂಬಾತ ಮಗಳ ಬಾಣಂತನಕ್ಕೆ ಗಾದಿ ಹೇಳಲು ಬಂದವನು, ಪಂದ್ಯ ಇದ್ದ ದಿನವೆಲ್ಲ ‘ಗಾದಿ ಆತೇನ್ರಿ’ ಅಂತ ಕೇಳುವ ನೆಪದಲ್ಲಿ ಬಂದು ಟಿವಿ ಮುಂದೆ ಕೂರುತ್ತಿದ್ದ. “ಎಷ್ಟ್ ವರ್ಷ ಅಂತ ಕಡೀ ಮೆಟ್ಟಿಲ ತನ ಬಂದು ಕೈ ಮುಗ್ದು ಹೋಗೋದು? ಈ ಸಲ ಹೊಡೀಲಿ ಬಿಡ್ರಿ. ಸೋತ್ರೂ ಹೊಡ್ದೇ ಸೋಲ್ಲಿ” ಎನ್ನುತ್ತಿದ್ದ. ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದು ಕೂತವರೆಲ್ಲ ಹೌದೌದು ಅನ್ನುತ್ತಿದ್ದರು. ನಡುಕೋಣೆಯ ತೂತಿನಿಂದ ಅಣ್ಣನ ಉತ್ತರ ಬರುತ್ತಿತ್ತು. “ಹೊಡಿಯಾಕ ಯಾರಿಗೆ ಬರಲ್ಲ? ನಿಲ್ಲಾಕ ಬರ್ಬೇಕು.”

ಅಷ್ಟು ಹೇಳಿದರೂ ಆಟ ಕೇಳದೆ ಅವನಿಗೆ ಇರಲಾಗುತ್ತಿರಲಿಲ್ಲ. ಟಿವಿಯಲ್ಲಿ ಮಾತಾಡುವವರು ನೋಡುವವರಿಗಾಗಿ ಮಾತಾಡುತ್ತಾರೆ, ‘ಆಹಾ ಎಂಥ ಹೊಡೆತ’ ಅನ್ನುತ್ತಾರೆಯೇ ಹೊರತು ಎಂಥದ್ದು ಅಂತ ಹೇಳುವುದಿಲ್ಲ. ಅಣ್ಣ ಸಿಟ್ಟಿಗೆದ್ದು ಅದರ ಬಾಯಿ ಮುಚ್ಚಿಸಿದ. “ರತ್ನವ್ವ, ನೀನು ಮೈಕಿನಾಗ ಊರಿಗೆಲ್ಲಾ ಹೇಳ್ತಿ. ನನಗ ಹೇಳು” ಅಂದ. ನಾನು ಬೆಳಗಿನ ಪಾಳಿ ಮುಗಿಸಿ, ಹರಿಹರದಿಂದ ಬಸ್ ಹತ್ತಿ ಬಂದು, ನಡುಬಾಗಿಲ ಹೊಸ್ತಿಲ ಮೇಲೆ ಕೂತೆ. ಅಲ್ಲಿಂದ ಎಡಕ್ಕೆ ಟಿವಿ ಕಾಣುತ್ತಿತ್ತು, ಬಲಕ್ಕೆ ಅಣ್ಣನ ಹಿಂದಲೆ.

“ಒಬ್ಬಾಕಿ ಓಡಿ ಬರ್ತಿದಾಳೆ. ಬಂದ್ಲು. ಒಗದ್ಲು. ನಮ್ಮಾಕಿ ಹೊಡದ್ಲು.”

“ಎಲ್ಲಿಗೆ?”

“ಅಲ್ಲಿಗೆ.”

“ಅಲ್ಲಿಗೆ ಅಂದ್ರೆ? ಆಫ್ ಕಡಿಗಾ, ಲೆಗ್ ಕಡಿಗಾ?”

ಅದೆಲ್ಲ ನನಗೇನು ಗೊತ್ತು. ಟಿವಿಯ ಎಡಕ್ಕೆ ಅಂಗಡಿಯ ಫ್ಯಾನಿತ್ತು, ಬಲಕ್ಕೆ ಬೀದಿ ಬಾಗಿಲಿತ್ತು. “ಫ್ಯಾನಿನ ಕಡಿಗೆ” ಅಂದೆ. ಅಣ್ಣ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಫ್ಯಾನಿನ ಕಡೆ ಅಂದರೆ ಆಫ್, ಬಾಗಿಲ ಕಡೆ ಅಂದರೆ ಲೆಗ್ ಎಂದು ಗೊತ್ತುಮಾಡಿಕೊಂಡ. ಅಲ್ಲಿಂದ ಮುಂದೆ ನಮ್ಮಿಬ್ಬರ ಮೈದಾನ ಆ ಅಂಗಡಿಯ ಅಳತೆಗೆ ಕೂತಿತು. ಬಾಲು ಫ್ಯಾನಿಗೆ ಹೋಯಿತು, ಬಾಗಿಲಿಗೆ ಹೋಯಿತು, ನೇರವಾಗಿ ಹೊಡೆದರೆ ಇಮಾಮಣ್ಣನ ತಲೆಯ ಮೇಲೆ ಹೋಯಿತು. ಆಟ ಬಲ್ಲವನು ಅಣ್ಣನೊಬ್ಬನೇ ಎಂಬ ಗೌರವದಿಂದ ಯಾರೂ ನಮ್ಮ ಮಾತಿನ ನಡುವೆ ಬಾಯಿ ಹಾಕುತ್ತಿರಲಿಲ್ಲ.

ಅವತ್ತೇ ಎಡವಟ್ಟಾಯಿತು. ತಂಡಕ್ಕೆ ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಮೊದಲ ಬಾಲನ್ನೇ ಎತ್ತಿ ಹೊಡೆದಳು. ಅದು ಏರುತ್ತಲೇ ಹೋಯಿತು. ನನ್ನ ಬಾಯಿಂದ, ಬಸ್ ನಿಲ್ದಾಣದ ಅದೇ ಸಪ್ಪೆ ದನಿಯಲ್ಲಿ, ತಾನಾಗಿ ಬಂದುಬಿಟ್ಟಿತು. “ಹೋತು.”

“ನೋಡಿದ್ಯಾ,” ಅಣ್ಣ ತೂತಿನೊಳಗಿಂದ ನರಳಿದ. “ಹೇಳಿರ್ಲಿಲ್ಲಾ ನಾನು? ಮೊದಲ್ನೇ ಬಾಲಿಗೆ ಯಾರಾದ್ರೂ ಹೊಡೀತಾರಾ? ಬಂದ ಕೂಡ್ಲೇ ಔಟು.” ಅತ್ತ ಅಂಗಡಿಯಲ್ಲಿ ಇಮಾಮಣ್ಣ ಹಿಂಜುವ ಕೋಲು ಹಿಡಿದು ಕುಣಿಯುತ್ತಿದ್ದ. ಇತ್ತ ಅತ್ತಿಗೆ ಒಲೆ ಬಿಟ್ಟು ಓಡಿ ಬಂದಳು. ಬಂದವಳೇ ಅಣ್ಣನ ತಲೆ ಹಿಡಿದುಕೊಂಡು, “ಏನ್ ಹೋತು? ಏನ್ ಹೋತವ್ವ?” ಎಂದು ನಡುಗಿದಳು. ಸಿಕ್ಸರ್ ಹೋಗಿದೆ ಅಂತ ಇಬ್ಬರಿಗೂ ತಿಳಿಸುವ ಹೊತ್ತಿಗೆ ನನಗೆ ಸಾಕಾಯಿತು. ಅತ್ತಿಗೆ ನನ್ನ ಮೇಲೆ ಕೂಗಾಡಿ, ಆಮೇಲೆ ತಾನೇ ನಕ್ಕು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. ಆ ಮಾತನ್ನು ಕೇಳಿ ಒಂದು ಕೋಣೆಯಲ್ಲಿ ಕುಣಿತ, ಇನ್ನೊಂದು ಕೋಣೆಯಲ್ಲಿ ನಡುಕ, ಎರಡನ್ನೂ ಹೊಸ್ತಿಲ ಮೇಲೆ ಕೂತು ನೋಡಿದವಳು ನಾನು.

ಅಂದಿನಿಂದ ಒಂದು ಕಟ್ಟಳೆಯಾಯಿತು. ವಿಕೆಟ್ ಬಿದ್ದರೆ ‘ಬಸ್ ಹೋತು’ ಅನ್ನಬೇಕು, ಸಿಕ್ಸರ್ ಆದರೆ ‘ಬಾಲ್ ಹೋತು’ ಅನ್ನಬೇಕು. ಬರೀ ಹೋತು ಅಂದರೆ ಅಣ್ಣ ತೂತಿನಿಂದ ಕೇಳುತ್ತಿದ್ದ, “ಯಾವ ಹೋತು?” ಎಂದು.

ಆ ಸಾಲು ಪಂದ್ಯಗಳಲ್ಲಿ ಬಾಲಿಗಿಂತ ಬಸ್ಸುಗಳೇ ಹೆಚ್ಚು ಹೋದವು. ಹೊಡೆಯಲು ಹೋಗಿ ಒಬ್ಬರ ಹಿಂದೆ ಒಬ್ಬರು ಔಟಾದರು, ತಂಡ ಸೋತಿತು, ಮತ್ತೆ ಸೋತಿತು. ಹೊಸ ಹುಡುಗಿಯ ಆಟವಂತೂ ಅಣ್ಣನಿಗೆ ಹಿಡಿಸಲೇ ಇಲ್ಲ. ಅವಳು ಹೊಡೆದದ್ದೆಲ್ಲ ಬಾಗಿಲ ಕಡೆಗೇ ಹೋಗುತ್ತಿತ್ತು. “ಏನೇ ಬರ್ಲಿ, ಲೆಗ್ಗಿಗೆ ಎಳೀತಾಳೆ. ಕಟಾವಿನ ಹೊಡ್ತ ಅದು, ಬ್ಯಾಟಿಂಗ್ ಅಲ್ಲ” ಎಂದು ಗೊಣಗುತ್ತಿದ್ದ. ನನಗೋ ಅವಳನ್ನು ಕಂಡರೆ ಖುಷಿ. ಔಟಾಗಿ ಹೋಗುವಾಗಲೂ ತಲೆ ತಗ್ಗಿಸುತ್ತಿರಲಿಲ್ಲ, ಮುಂದಿನ ಪಂದ್ಯದಲ್ಲಿ ಮತ್ತೆ ಮೊದಲ ಬಾಲಿಗೇ ಕೈ ಎತ್ತುತ್ತಿದ್ದಳು.

ದಸರೆಗೆ ಮೊದಲು ಡಾಕ್ಟರು ಕಣ್ಣು ನೋಡಿ, ಪರದೆಯ ಒಂದು ಅಂಚು ಕೂತಿಲ್ಲ, ಇನ್ನೊಮ್ಮೆ ಆಪರೇಷನ್ ಮಾಡಬೇಕು ಅಂದರು. ಬಂದರೆ ಓಡಾಡುವಷ್ಟು, ಟಿವಿ ನೋಡುವಷ್ಟು ದೃಷ್ಟಿ ಬರಬಹುದು. ಬರದಿದ್ದರೆ ಈಗ ಇರುವ ಮಬ್ಬೂ ಹೋಗಬಹುದು. ಅಣ್ಣ ಅಲ್ಲೇ ಕೈ ಅಲ್ಲಾಡಿಸಿದ. “ಬ್ಯಾಡ್ರಿ. ಇದ್ದಷ್ಟು ಇರ್ಲಿ. ನೋಡಾಣ.” ಮನೆಗೆ ಬಂದು ಮತ್ತೆ ತೂತಿನಲ್ಲಿ ಮುಖ ಇಟ್ಟ. ಅತ್ತಿಗೆ ಎಷ್ಟು ಹೇಳಿದರೂ ಜಗ್ಗಲಿಲ್ಲ. ಅವನು ಕೀಲಿ ಹಾಕಿಕೊಂಡರೆ ತೆಗೆಯುವ ಕೈ ಊರಲ್ಲೇ ಇರಲಿಲ್ಲ.

ಆ ವಾರ ಸಾಲು ಪಂದ್ಯಗಳ ಕೊನೆಯ ಆಟ. ಸಿದ್ದೇಶಿ ಸೋತ ಮುಖ ಹೊತ್ತು ಬಂದ. “ಸಾಕು ಬಿಡ್ರಿ ಇವರ ಹೊಡೆದಾಟ. ಮೊದಲಿನಂಗೆ ಸುಮ್ನೆ ನಿಂತು ಆಡ್ಲಿ. ಮರ್ಯಾದೆನಾರ ಉಳೀತೈತೆ” ಅಂದ. ಮಂಡಕ್ಕಿ ತಿನ್ನುತ್ತಿದ್ದವರೆಲ್ಲ ಅದಕ್ಕೂ ಹೌದೌದು ಅಂದರು. ಈಗ ಅಣ್ಣ ‘ನಾನು ಮೊದಲೇ ಹೇಳಿರಲಿಲ್ಲವೇ’ ಅನ್ನುತ್ತಾನೆ ಎಂದು ಎಲ್ಲರೂ ಕಾದರು. ಅಣ್ಣ “ರತ್ನವ್ವ, ಬಂದು ಕುಂದ್ರು” ಅಂದ ಅಷ್ಟೇ. ಆಟ ಶುರುವಾಯಿತು.

“ಹೊಸ ಹುಡುಗಿ ಬಂದ್ಲು,” ನಾನು ಹೇಳಿದೆ. “ನಿಂತ್ಲು.”

“ಇವತ್ತು ನಿಲ್ತಾಳೆ ಬಿಡು. ಅಷ್ಟ್ ಬೈಸ್ಕಂಡಾಳೆ.”

“ಬಾಲ್ ಬಂತು. ಬಾಲ್ ಹೋತು.”

“ಮೊದಲ್ನೇ ಬಾಲೇ?”

“ಮೊದಲ್ನೇದೇ. ಬಾಗಿಲ ಕಡಿಗೆ.”

ಅವನ ಬೆನ್ನು ಒಮ್ಮೆ ಏರಿ ಇಳಿಯಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಹಿಂದಲೆ ನೋಡಿ ಹೇಳಲಾಗುವುದಿಲ್ಲ. ಆಮೇಲೆ ನೆಲಕ್ಕೆ ಹೇಳುವ ಹಾಗೆ ಹೇಳಿದ. “ರತ್ನವ್ವ, ಅಷ್ಟ್ ವರ್ಷ ಮಿಲ್ಲಿನ ಟೀಮಿಗೆ ಆಡಿದೆ. ನನ್ನನ್ನ ಔಟ್ ಮಾಡಾಕ ಆಗ್ಲಿಲ್ಲ ಅಂತ ಎಲ್ರಿಗೂ ಹೇಳ್ತೀನಿ. ನಾನು ಗೆಲ್ಸಿದ್ದು ಒಂದ್ ಮ್ಯಾಚೂ ನೆನಪಿಲ್ಲ. ಈ ಕಣ್ಣಿಗೂ ಹಂಗೇ ಮಾಡ್ದೆ. ನೋಡಾಣ, ನೋಡಾಣ ಅಂತ ತಡದೆ. ಆ ಹುಡುಗಿಗೆ ಊರೆಲ್ಲಾ ಬೈತೈತೆ, ಆದ್ರೂ ಹೊಡೀತಾಳೆ. ಎಂಥಾ ಎದೆ ಆಕಿದು.” ಹಿಂದೆಯೇ, “ಡಾಕ್ಟ್ರಿಗೆ ಫೋನ್ ಹಚ್ಚು” ಅಂದ.

ಅವತ್ತು ನಮ್ಮವರು ಗೆದ್ದರೋ ಸೋತರೋ ನನಗೆ ನೆನಪಿಲ್ಲ. ಅತ್ತಿಗೆ ದೇವರ ಮುಂದೆ ದೀಪ ಹಚ್ಚಿದ್ದು ನೆನಪಿದೆ.

ಎರಡನೇ ಆಪರೇಷನ್ ಆಯಿತು. ತೂತಿನ ಗಾದಿಗೆ ಇಮಾಮಣ್ಣ ಹೊಸ ಹತ್ತಿ ತುಂಬಿ ತಂದ. ಬನ್ನಿ ಕೊಡಲು ಬಂದವರಿಂದ ಅಣ್ಣ ಬೋರಲು ಮಲಗಿದಲ್ಲಿಂದಲೇ ಕೈ ಚಾಚಿ ಬನ್ನಿ ತಗೊಂಡ. ವಿಶ್ವಕಪ್ ಶುರುವಾಯಿತು. ನಮ್ಮ ಹುಡುಗಿಯರು ಗೆದ್ದರು, ನಡುವೆ ಸೋತು ಎಲ್ಲರ ಜೀವ ತಿಂದರು, ಆದರೆ ಹೊಡೆಯುವುದನ್ನು ಬಿಡಲಿಲ್ಲ. ಮಳೆ ಹಿಂದೆ ಸರಿದು ಮೆಕ್ಕೆಜೋಳದ ಲಾರಿಗಳು ದಾವಣಗೆರೆಗೆ ಬರತೊಡಗಿದವು. ಕೊಯ್ಲಿನ ದಿನಗಳಲ್ಲೂ ಸಿದ್ದೇಶಿ ತಪ್ಪಲಿಲ್ಲ. ಅವನ ಗಾದಿ ಎಂದೋ ಸಿದ್ಧವಾಗಿತ್ತು, ಅವನು ಒಯ್ದಿರಲಿಲ್ಲ. ಹರಿಹರದ ನಿಲ್ದಾಣದಲ್ಲಿ ನನ್ನ ಕಿಟಕಿಗೆ ಬಂದವರು ಬಸ್ ಹೋತೇನ್ರಿ ಅಂತ ಕೇಳಿ, ಹಿಂದೆಯೇ “ನಮ್ಮವ್ರದು ಎಷ್ಟಾತ್ರಿ?” ಅನ್ನತೊಡಗಿದರು. ಆವರಗೆರೆ ಕಡೆ ಬಸ್ಸಿನಲ್ಲಿ ಹೋಗುವಾಗ ಖಾಲಿ ಸೈಟಿನಲ್ಲಿ ಶಾಲೆಯ ಹುಡುಗಿಯರು ಸಮವಸ್ತ್ರದಲ್ಲೇ ಬ್ಯಾಟು ಬೀಸುವುದನ್ನು ಕಂಡೆ. ನನಗೆ ಆ ವಯಸ್ಸಿನಲ್ಲಿ ಗೊತ್ತಿದ್ದದ್ದು ಕುಂಟೆಬಿಲ್ಲೆ. ಅವರನ್ನು ನೋಡಿ ನನಗಾದ ಹೆಮ್ಮೆಯನ್ನು ಪಕ್ಕದ ಸೀಟಿನವಳಿಗೆ ಹೇಳಿಕೊಂಡೆ, ಅವಳ ಪರಿಚಯವೂ ಇರಲಿಲ್ಲ.

ದೀಪಾವಳಿ ಹೊತ್ತಿಗೆ ಡಾಕ್ಟರು ಅಣ್ಣನಿಗೆ ಎದ್ದು ಕೂರಲು ಬಿಟ್ಟರು. ಗಾಳಿಗುಳ್ಳೆ ದಿನದಿನಕ್ಕೆ ಕರಗುತ್ತದೆ, ಪೂರ್ತಿ ಕರಗಿದ ಮೇಲೆ ಎಷ್ಟು ಕಾಣುತ್ತದೋ ಅಷ್ಟೇ ನಿಮ್ಮ ಪಾಲಿನದು ಅಂದರು. ಅಣ್ಣ ಕಪ್ಪು ಕನ್ನಡಕ ಹಾಕಿ ಗೋಡೆಗೆ ಒರಗಿ ಕೂರುತ್ತಿದ್ದ. ಏನು ಕಾಣುತ್ತದೆ ಎಂದು ಕೇಳಿದರೆ, “ಕೊಡದಾಗ ನೀರು ತುಳುಕಿದಂಗೆ ಒಂದು ಗೆರೆ ಅಲ್ಲಾಡ್ತೈತೆ” ಅನ್ನುತ್ತಿದ್ದ. ಗೆರೆಯ ಮೇಲೆ ಏನು ಕಾಣುತ್ತದೆ ಅಂದರೆ, ಮತ್ತೆ ಅದೇ, “ನೋಡಾಣ.” ಅತ್ತಿಗೆ ಕೇಳುವುದನ್ನೇ ಬಿಟ್ಟಳು. ಅವನ ಎದುರು ಬೇಕೆಂದೇ ಕೆಂಪು ಸೀರೆ ಉಟ್ಟು ಓಡಾಡಿದಳು. ಅವನು ಏನೂ ಅನ್ನಲಿಲ್ಲ.

ಆ ಸಲ ಕಪ್ ನಮ್ಮ ಹುಡುಗಿಯರೇ ಗೆದ್ದರು ಅಂತ ಎಲ್ಲರಿಗೂ ಗೊತ್ತು. ಊರಿನಲ್ಲಿ ಪಟಾಕಿ ಸುಟ್ಟದ್ದು, ಇಮಾಮಣ್ಣ ಹತ್ತಿಯನ್ನು ಹೂವಿನ ಹಾಗೆ ಬೀದಿಗೆ ತೂರಿ ಮರುದಿನ ತಾನೇ ಗುಡಿಸಿದ್ದು, ಸಿದ್ದೇಶಿ ಕೊನೆಗೂ ಗಾದಿ ಹೊತ್ತುಕೊಂಡು ಹೋದದ್ದು, ಎಲ್ಲ ಆಮೇಲಿನ ಮಾತು. ನಾನು ಹೇಳಬೇಕಾದದ್ದು ಅದಕ್ಕೆ ಮುಂಚೆ, ಫೈನಲ್ ಇನ್ನೂ ನಡೆಯುತ್ತಿದ್ದ ಸಂಜೆಯದು.

ರಾಜ್ಯೋತ್ಸವದ ಹಳದಿ ಕೆಂಪು ಬಾವುಟಗಳನ್ನು ಬೀದಿಯಲ್ಲಿ ಇನ್ನೂ ಬಿಚ್ಚಿರಲಿಲ್ಲ. ಅಂಗಡಿಯಲ್ಲಿ ಗಾದಿ ಕಾಣದಷ್ಟು ಜನ. ಅಭ್ಯಾಸದಂತೆ ಟಿವಿಯ ದನಿ ಬಂದ್ ಇತ್ತು. ಅಣ್ಣನನ್ನು ನಡುಕೋಣೆಯಿಂದ ಕರೆತಂದು ಟಿವಿಯ ಹತ್ತಿರ, ಮೇಲೆ ಮೇಲೆ ಪೇರಿಸಿದ ಎರಡು ಗಾದಿಗಳ ಮೇಲೆ ಕೂರಿಸಿದೆವು. ಅವನು ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ನಾನು ಪಕ್ಕದಲ್ಲಿ ಕೂತು ಶುರು ಮಾಡಿದೆ. ಓಡಿ ಬಂದ್ಲು, ಒಗದ್ಲು, ಫ್ಯಾನಿನ ಕಡಿಗೆ, ಬಾಗಿಲ ಕಡಿಗೆ. ಅಣ್ಣ ಹೂಂ, ಹೂಂ ಅನ್ನುತ್ತಿದ್ದ. ಒಬ್ಬಳು ಔಟಾದಳು, ಬಸ್ ಹೋತು ಅಂದೆ. ಹೊಸ ಹುಡುಗಿ ಇಳಿದಳು.

ಇಡೀ ದೇಶ ಅವಳ ಬೆನ್ನ ಮೇಲೆ ಕೂತಿರುವಾಗ ಇವತ್ತಾದರೂ ನಿಲ್ಲುತ್ತಾಳೋ ಹೊಡೆಯುತ್ತಾಳೋ ಎಂದು ನಾನು ಕೂತಲ್ಲೇ ಮುಂದಕ್ಕೆ ಬಾಗಿದೆ. ಎದುರಿನವಳು ಓಡಿ ಬಂದಳು. ನಾನು ಅದನ್ನು ಹೇಳುವುದನ್ನೇ ಮರೆತೆ. ಹುಡುಗಿ ಒಂದು ಹೆಜ್ಜೆ ಮುಂದಿಟ್ಟು ಬ್ಯಾಟು ಬೀಸಿದಳು. ಜನ ಇನ್ನೂ ಉಸಿರು ಹಿಡಿದಿದ್ದರು, ನನ್ನ ಬಾಯಿ ಇನ್ನೂ ತೆರೆದಿರಲಿಲ್ಲ. ಪಕ್ಕದಿಂದ ಮಾತು ಬಂತು.

“ಹೋತು.”

ಹೇಳಿದವನು ಅಣ್ಣ. ಅವನ ಮುಖ ಬಾಲಿನ ಜೊತೆಗೇ ಮೆಲ್ಲಗೆ ಬಾಗಿಲ ಕಡೆಗೆ ತಿರುಗುತ್ತಿತ್ತು. ಅಂಗಡಿ ಆಮೇಲೆ ಎದ್ದು ಕೂಗಿತು. ಅಷ್ಟರಲ್ಲಿ ಗಂಡನ ಬಾಯಲ್ಲಿ ಆ ಮಾತು ಕೇಳಿ ಒಳಗಿನಿಂದ ಅತ್ತಿಗೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ಏನ್ ಹೋತ್ರಿ? ರತ್ನವ್ವ, ಏನ್ ಹೋತು? ಯಾವ ಹೋತು?”

ಅಣ್ಣ ಅವಳ ಕಡೆ ಕತ್ತು ಹೊರಳಿಸಿ, “ಬಾಲ್ ಹೋತು ಕಣೇ. ಕೆಂಪು ಸೀರಿ ಚಲೋ ಐತೆ, ಹಿಟ್ಟು ಮಾಡ್ಕಬ್ಯಾಡ” ಅಂದ. ಅತ್ತಿಗೆ ಅಲ್ಲೇ ಬಾಗಿಲು ಹಿಡಿದು ಕೂತುಬಿಟ್ಟಳು.

ಆಮೇಲೆ ಅವನು ನನ್ನ ಕಡೆ ತಿರುಗಿದ. ಎಷ್ಟೋ ತಿಂಗಳ ಮೇಲೆ ನನ್ನ ಮುಖವನ್ನೇ ನೋಡಿ, ಬೈದ.

“ಅಲ್ಲಲೇ ರತ್ನಿ, ಈ ಹುಡುಗಿ ಎಡಚಿ ಅಂತ ಒಂದ್ ದಿನನಾರ ಹೇಳಬಾರ್ದಾ? ಎಡಚಿಗೆ ಬಾಗಿಲ ಕಡಿನೇ ಆಫು. ಆಕಿ ಹೊಡದಿದ್ದೆಲ್ಲಾ ಎಂಥಾ ಚಂದದ ಆಫ್ ಡ್ರೈವು. ಇಷ್ಟ್ ದಿನ ನಾನು ಎಲ್ಲಾ ಉಲ್ಟಾ ನೋಡೀನಲ್ಲೇ.”